ನಿದ್ದೆಗೆಂದು ನುಂಗಿದ ಗುಳಿಗೆ

ರಾತ್ರಿ ಮಲಗುವ ಮುನ್ನ ಒಂದು ಲೋಟ ಬಿಸಿ ಹಾಲು ಕುಡಿದರೆ ನಿದ್ದೆ ಚೆನ್ನಾಗಿ ಬರುತ್ತದೆಂದು ಮನೆಯ ಹಿರಿಯರು ಹೇಳುವುದುಂಟು. ಹಾಲಿನಲ್ಲಿ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವಿದೆ. ಅದರಿಂದ ದೇಹವು ಸೆರೊಟೋನಿನ್ ತಯಾರಿಸಿಕೊಳ್ಳುತ್ತದೆ. ನಿದ್ದೆಗೂ ಮನಸ್ಸಿನ ನೆಮ್ಮದಿಗೂ ಇದರ ನಂಟಿದೆ. ಹಾಗಾದರೆ ಆ ವಸ್ತುವನ್ನೇ ಗುಳಿಗೆ ಮಾಡಿ ನುಂಗಿದರೆ ಹೇಗೆ?

1980ರ ದಶಕದಲ್ಲಿ ಅಮೆರಿಕದ ಜನ ಹಾಗೆಯೇ ಮಾಡಿದರು. ‘ಎಲ್-ಟ್ರಿಪ್ಟೊಫಾನ್’ ಗುಳಿಗೆಗಳು ವೈದ್ಯರ ಚೀಟಿಯಿಲ್ಲದೆ ಅಂಗಡಿಗಳಲ್ಲಿ ಸಿಗುತ್ತಿದ್ದವು. ಅದು ಔಷಧವಲ್ಲ, ಆಹಾರಕ್ಕೆ ಪೂರಕ ಅಷ್ಟೆ. ಆಹಾರದಲ್ಲೇ ಇರುವ ವಸ್ತುವಿನಿಂದ ಏನು ಕೇಡಾದೀತು ಎಂಬ ನಂಬಿಕೆ ಎಲ್ಲರದು.

1989ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ವೈದ್ಯರ ಮುಂದೆ ಮೂವರು ಮಹಿಳೆಯರ ವಿಚಿತ್ರ ಕಾಯಿಲೆ ಬಂತು. ಮೂವರಿಗೂ ತಡೆಯಲಾರದ ಮೈಕೈ ನೋವು. ಮೂವರ ರಕ್ತದಲ್ಲೂ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ವಿಪರೀತ ಹೆಚ್ಚಿದ್ದವು. ವಿಚಾರಿಸಿದಾಗ ಮೂವರೂ ಎಲ್-ಟ್ರಿಪ್ಟೊಫಾನ್ ಸೇವಿಸುತ್ತಿದ್ದುದು ತಿಳಿಯಿತು.

ಇದರ ಜಾಡು ಹಿಡಿದವರು ‘ಆಲ್ಬುಕರ್ಕಿ ಜರ್ನಲ್’ ಪತ್ರಿಕೆಯ ವರದಿಗಾರ್ತಿ ಟಾಮರ್ ಸ್ಟೀಬರ್. ಅವರ ವರದಿಗಳು ಪ್ರಕಟವಾಗುತ್ತಿದ್ದಂತೆ ಬೇರೆ ಕಡೆಗಳಿಂದಲೂ ಇಂಥದೇ ಸುದ್ದಿ ಬರತೊಡಗಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನವೆಂಬರ್ 11ರಂದು ಜನರಿಗೆ ಎಚ್ಚರಿಕೆ ನೀಡಿತು. 17ರಂದು ಗುಳಿಗೆಗಳನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. ಈ ವರದಿಗಾರಿಕೆಗೆ ಸ್ಟೀಬರ್ ಅವರಿಗೆ 1990ರಲ್ಲಿ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು. 1,500ಕ್ಕೂ ಹೆಚ್ಚು ಮಂದಿ ಕಾಯಿಲೆಗೆ ಬಿದ್ದರು. ಕನಿಷ್ಠ 37 ಮಂದಿ ಸತ್ತರು. ‘ಇಯೊಸಿನೊಫಿಲಿಯ-ಮಯಾಲ್ಜಿಯ’ ಎಂದು ಹೆಸರಾದ ಈ ಕಾಯಿಲೆ ಸ್ನಾಯುಗಳಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ಕೀಲುಗಳು ನೋಯುತ್ತಿದ್ದವು, ಕೈಕಾಲು ಊದಿಕೊಳ್ಳುತ್ತಿದ್ದವು. ಕೆಲವರಲ್ಲಿ ಚರ್ಮವೂ ಸ್ನಾಯುಗಳನ್ನು ಸುತ್ತಿರುವ ಪೊರೆಯೂ ದಪ್ಪವಾಗಿ, ಗಡುಸಾಗಿ, ಕೀಲುಗಳನ್ನು ಪೂರ್ತಿ ಚಾಚಲಾಗದಂತೆ ಹಿಡಿದಿಡುತ್ತಿದ್ದವು. ಗುಳಿಗೆ ಬಿಟ್ಟ ಮೇಲೂ ಹಲವರ ನೋವು ವರ್ಷಗಟ್ಟಲೆ ಬಿಡಲಿಲ್ಲ.

ತಪ್ಪು ಎಲ್ಲಿ ನಡೆಯಿತು? ರೋಗಿಗಳು ಸೇವಿಸಿದ ಗುಳಿಗೆಗಳ ಮೂಲ ಹುಡುಕುತ್ತ ಹೋದ ತನಿಖೆ ಜಪಾನಿನ ಶೋವಾ ಡೆಂಕೊ ಕಂಪನಿಯ ಬಾಗಿಲಿಗೆ ಬಂದು ನಿಂತಿತು. ಅಲ್ಲಿ ಬ್ಯಾಕ್ಟೀರಿಯಗಳ ಹುದುಗುವಿಕೆಯಿಂದ ಟ್ರಿಪ್ಟೊಫಾನ್ ತಯಾರಾಗುತ್ತಿತ್ತು. ಕಾಯಿಲೆ ಹರಡುವುದಕ್ಕೆ ಸ್ವಲ್ಪ ಮುಂಚೆ ಕಂಪನಿ ಎರಡು ಬದಲಾವಣೆ ಮಾಡಿತ್ತು: ವಂಶವಾಹಿ ಮಾರ್ಪಡಿಸಿದ ಹೊಸ ಬ್ಯಾಕ್ಟೀರಿಯ ತಳಿಯನ್ನು ಬಳಸಿತು, ಶುದ್ಧೀಕರಣಕ್ಕೆ ಹಾಕುವ ಇದ್ದಿಲಿನ ಪುಡಿಯನ್ನು ಕಡಿಮೆ ಮಾಡಿತು. ಎರಡೂ ಜತೆಜತೆಗೆ ನಡೆದುದರಿಂದ ಯಾವುದರ ಪಾತ್ರ ಎಷ್ಟೆಂದು ಬೇರ್ಪಡಿಸುವುದು ಕಷ್ಟವಾಯಿತು. ಗುಳಿಗೆಯಲ್ಲಿ ಅತಿ ಅಲ್ಪ ಪ್ರಮಾಣದ ಕಲ್ಮಶಗಳು ಪತ್ತೆಯಾದವು. ವಿಶೇಷವೆಂದರೆ, ಆ ಸರಕು ಶೇ. 99ಕ್ಕೂ ಹೆಚ್ಚು ಶುದ್ಧವಾಗಿತ್ತು! ಯಾವ ಕಲ್ಮಶ ಕಾಯಿಲೆ ತಂದಿತೆಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಟ್ರಿಪ್ಟೊಫಾನನ್ನು ಅತಿಯಾಗಿ ಸೇವಿಸಿದ್ದೂ ಕಾರಣವಾಗಿರಬಹುದೆಂಬ ವಾದವೂ ಉಳಿದಿದೆ.

ಇಷ್ಟಾದ ಮೇಲೆ ಕಾನೂನು ಬಿಗಿಯಾಯಿತೆಂದು ಓದುಗರು ಭಾವಿಸಬಹುದು. ಆದದ್ದು ಬೇರೆ. 1994ರಲ್ಲಿ ಅಮೆರಿಕ ತಂದ ಪೂರಕಗಳ ಕಾಯ್ದೆಯ ಪ್ರಕಾರ, ಔಷಧಗಳಂತೆ ಇವುಗಳ ಸುರಕ್ಷತೆಯನ್ನು ಮಾರಾಟಕ್ಕೆ ಮುನ್ನ ಸಾಬೀತುಪಡಿಸಿ ಅನುಮತಿ ಪಡೆಯಬೇಕಿಲ್ಲ. ಅಪಾಯವಿದೆಯೆಂದು ತೋರಿಸುವ ಹೊಣೆ ಸರ್ಕಾರದ್ದು. ತಯಾರಿಕೆಯಲ್ಲಿ ಶುದ್ಧತೆ ಪರೀಕ್ಷಿಸುವ ವಿವರವಾದ ನಿಯಮಗಳು ಬಂದದ್ದು 2007ರಲ್ಲಿ. ಭಾರತದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಪೂರಕಗಳಿಗೆಂದೇ ನಿಯಮ ಹೊರಡಿಸಿದ್ದು 2016ರಲ್ಲಿ.

ಟ್ರಿಪ್ಟೊಫಾನ್ ಈಗ ಮತ್ತೆ ಅಂಗಡಿಗೆ ಬಂದಿದೆ. 1989ರ ಅನಾಹುತ ಬೆಳಕಿಗೆ ಬಂದದ್ದು ಯಾವ ದೊಡ್ಡ ಯಂತ್ರದಿಂದಲೂ ಅಲ್ಲ, ‘ಬೇರೇನಾದರೂ ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಸಾಮಾನ್ಯ ಪ್ರಶ್ನೆಯಿಂದ. ಕೀಲು ಹಿಡಿದುಕೊಂಡಿದೆಯೆಂದು ವೈದ್ಯರ ಬಳಿ ಹೋದಾಗ ಅವರು ಕೇಳದಿದ್ದರೂ, ನುಂಗುತ್ತಿರುವ ಪೂರಕಗಳ ಹೆಸರನ್ನು ನಾವೇ ಹೇಳುವುದು ಲೇಸು.