ಹಂಚಿಕೆಯಾಗದ ಸಂಪತ್ತು: ನಮ್ಮ ಸೀಮೆಯ ಇತಿಹಾಸದ ಪಾಠ

ಕಾಗಿನೆಲೆಯ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿ ಮತ್ತು ರಾಗಿಯ ವಾದವನ್ನು ಹೇಳಿದ್ದಾರೆ. ಆರು ತಿಂಗಳು ಸೆರೆಯಲ್ಲಿಟ್ಟಾಗ ಉಳ್ಳವರ ಅಕ್ಕಿ ಸೊರಗಿತು, ಬಡವರ ರಾಗಿ ಗಟ್ಟಿಯಾಗಿ ಉಳಿಯಿತು. ನಾಡಿನ ಬಲ ಬಡವರಲ್ಲಿದೆ ಎಂಬುದಕ್ಕೆ ನಮ್ಮ ಸೀಮೆಯ ಇತಿಹಾಸವೂ ಸಾಕ್ಷಿಯಾಗಿದೆ.

1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಾವು ಧಾರವಾಡ ಜಿಲ್ಲೆಯವರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಸಾಕಷ್ಟು ಸಿಗದಾಯಿತು. ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. ಸಾಲಗಾರ ರೈತನಿಗೆ ಸಾಲ ಮಾತ್ರ ಉಳಿಯಿತು. ಅದರ ಹಿಂದೆಯೇ 1876-78ರ ಭೀಕರ ಬರಗಾಲ ಬಂತು. ಮಳೆ ಎಲ್ಲರಿಗೂ ಕೈಕೊಟ್ಟಿತ್ತು. ಆದರೆ ಹಗೇವಿನಲ್ಲಿ ಕಾಳಿಲ್ಲದವರೇ ಹೆಚ್ಚು ನರಳಿದರು. 1872ರಲ್ಲಿ ಸುಮಾರು 9.88 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 8.83 ಲಕ್ಷಕ್ಕೆ ಇಳಿಯಿತು.

ಇದಕ್ಕೂ ಆರ್ಥಿಕ ಬೆಳವಣಿಗೆಗೂ ಏನು ಸಂಬಂಧ? ಬಡ್ಡಿ ಕಟ್ಟುವುದರಲ್ಲೇ ಸೋತ ರೈತ ಎತ್ತು ಕೊಳ್ಳಲಾರ, ಬಾವಿ ತೋಡಲಾರ, ಮಗನನ್ನು ಶಾಲೆಗೆ ಕಳಿಸಲಾರ. ಅವನ ಹೊಲವೂ ಅವನ ಮಗನ ಬುದ್ಧಿಯೂ ಬೀಳುಬೀಳುತ್ತವೆ. ನಷ್ಟ ಅವನೊಬ್ಬನದಲ್ಲ, ಇಡೀ ಊರಿನದು.

ಇದಕ್ಕೆ ಒಂದು ಪರಿಹಾರವೂ ನಮ್ಮ ನೆರೆಯಲ್ಲೇ ಹುಟ್ಟಿತು. 1904ರಲ್ಲಿ ಸಹಕಾರ ಕಾಯ್ದೆ ಬಂದಿತು. ಮರುವರ್ಷ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಪತ್ತಿನ ಸಂಘ ಸ್ಥಾಪಿಸಿದರು. ಅದು ದೇಶದ ಮೊದಲ ಸಹಕಾರ ಸಂಘವೆಂದು ಹೆಸರಾಗಿದೆ. ಒಬ್ಬೊಬ್ಬರಲ್ಲಿ ಇಲ್ಲದ ಬಂಡವಾಳ ಹತ್ತು ಜನ ಕೂಡಿದಾಗ ಹುಟ್ಟಿತು.

ಬೆಳವಣಿಗೆಯ ಆರಂಭದಲ್ಲಿ ಅಸಮಾನತೆ ಹೆಚ್ಚಿ, ಮುಂದೆ ತಗ್ಗಬಹುದೆಂದು ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ 1955ರಲ್ಲಿ ಊಹಿಸಿದ್ದರು. ಆದರೆ ಮುಂದುವರಿದ ದೇಶಗಳ ಸಂಘಟನೆಯಾದ ಓಇಸಿಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳಿತು: ಅಸಮಾನತೆ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ, ಬಡ ಮಕ್ಕಳ ಶಿಕ್ಷಣ ಹಿಂದೆ ಬೀಳುವುದೇ ಅದಕ್ಕೆ ಮುಖ್ಯ ಕಾರಣ.

ವಿದ್ಯಾರ್ಥಿ ಮಿತ್ರರೇ, ಇದನ್ನು ತಿಳಿಯಲು ನಾನು ದೂರ ಹೋಗಬೇಕಿಲ್ಲ. ಬ್ಯಾಡಗಿ ಪೇಟೆ ಮೆಣಸಿನಕಾಯಿಯಿಂದ ಕೆಂಪಾಗುವ ದಿನಗಳಲ್ಲಿ ನನ್ನ ತರಗತಿಯ ಕೆಲವು ಜಾಗಗಳು ಖಾಲಿಯಾಗುತ್ತವೆ. ತಾಯಿಯೊಂದಿಗೆ ತೊಟ್ಟು ಬಿಡಿಸಲು ಹೋದ ಹುಡುಗಿ ಮರಳಿ ಬಂದಾಗ ಭಿನ್ನರಾಶಿಯ ಪಾಠ ಮುಗಿದಿರುತ್ತದೆ. ಕೆಲವರು ಮರಳುವುದೇ ಇಲ್ಲ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಕಣಗಿನಹಾಳದ ರೈತರಂತೆ ನಾವೂ ಸ್ವಲ್ಪ ಸ್ವಲ್ಪ ಕೂಡಿಸೋಣ. ಅಂಥ ಒಂದು ಮಗು ಶಾಲೆಯಲ್ಲಿ ಉಳಿದರೆ ಅದು ದಾನವಲ್ಲ, ಊರಿನ ಬಂಡವಾಳ.