ಕಡಗಂಚಿಯಿಂದ ಫ್ರೆಂಚ್ ಪಾಠದವರೆಗೆ: ನಮ್ಮ ಸೀಮೆಯವರು ಹೊಸ ಭಾಷೆ ಕಲಿತ ಬಗೆ

ನಮ್ಮ ಬಳಗದ ಮೂವರು ಪತ್ರಿಕೋದ್ಯಮ ಓದುವಾಗ ಒಂದು ಸೆಮಿಸ್ಟರ್ ಫ್ರೆಂಚ್ ತಗೊಂಡಿದ್ದೆವು. ಒಬ್ಬರು ಆಳಂದದವರು, ಒಬ್ಬರು ಅಫಜಲಪುರದವರು, ಇನ್ನೊಬ್ಬ ಜೇವರ್ಗಿಯವ. ಊರಿಂದ ಬಹಳ ದೂರದ ಒಂದು ವಿಶ್ವವಿದ್ಯಾಲಯ ಅದು. ಮೊದಲ ಮೆಟ್ಟಿಲಿನ ಪಾಠ, ಅವರ ಲೆಕ್ಕದಲ್ಲಿ 'ಎ-1'. ಹೆಸರು ಹೇಳುವುದು, ಊರು ಹೇಳುವುದು, ಒಂದರಿಂದ ನೂರರವರೆಗೆ ಎಣಿಸುವುದು, ಅಂಗಡಿಯಲ್ಲಿ ಬ್ರೆಡ್ ಕೇಳುವುದು. ರಜೆಗೆ ಊರಿಗೆ ಬಂದಾಗ ಮನೆಯವರು ನಕ್ಕರು. "ಫ್ರೆಂಚ್ ಕಲ್ತು ಏನ್ ಮಾಡ್ತೀರಪಾ, ತೊಗರಿ ಹೊಲದಾಗ ಯಾರ ಜೋಡಿ ಮಾತಾಡ್ತೀರಿ?"

ಜೇವರ್ಗಿಯ ಗೆಳೆಯ ಮೂರನೇ ವಾರಕ್ಕೇ ತರಗತಿ ಬಿಟ್ಟ. "ನನಗ ಫ್ರೆಂಚ್ ಹತ್ತಂಗಿಲ್ಲೋ" ಅಂದ. ನಾವೂ ಹಾಗೇ ನಂಬಿದೆವು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವನ ನೋಟ್‌ಬುಕ್ ನೋಡಿದಾಗ ಬೇರೆಯೇ ಕತೆ ಕಂಡಿತು. ಅವನು ಬರೆದುಕೊಂಡ ಫ್ರೆಂಚ್ ಪದಗಳಲ್ಲಿ ಒಂದೂ ತಪ್ಪಿರಲಿಲ್ಲ. ಪಕ್ಕದಲ್ಲಿದ್ದ ಇಂಗ್ಲಿಷ್ ವಿವರಣೆಗಳ ಮುಂದೆ ಮಾತ್ರ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಆರ್ಟಿಕಲ್ ಅಂದ್ರೇನು, ಆಕ್ಸಿಲಿಯರಿ ವರ್ಬ್ ಅಂದ್ರೇನು? ಅವನಿಗೆ ಹತ್ತದೆ ಇದ್ದದ್ದು ಫ್ರೆಂಚ್ ಕಲಿಸಲು ಬಳಸಿದ ಇಂಗ್ಲಿಷ್. ಒಂದು ಭಾಷೆ ಕಲಿಯಲು ಹೋದವನಿಗೆ ಒಂದೇ ಗಂಟೆಯಲ್ಲಿ ಎರಡು ಭಾಷೆ ಕಲಿಯುವ ಕೆಲಸ ಬಿದ್ದಿತ್ತು. ಮೇಷ್ಟ್ರು ಒಳ್ಳೆಯವರೇ, ಪುಸ್ತಕವೂ ಒಳ್ಳೆಯದೇ. ಅವನು ಓಡಾಡಲು ಒಂದು ಸೇತುವೆ ಇರಲಿಲ್ಲ, ಅಷ್ಟೇ.

ಆಮೇಲೆ ನಮಗೊಂದು ಪ್ರಶ್ನೆ ಹತ್ತಿತು. ನಮ್ಮ ಸೀಮೆಯವರಿಗೆ ಹೊಸ ಭಾಷೆ ಹೊಸದೇನಲ್ಲ. ಮರಾಠಿ, ಫಾರ್ಸಿ, ಉರ್ದು, ಇಂಗ್ಲಿಷ್ ಒಂದಾದ ಮೇಲೊಂದು ಬಂದಿವೆ. ನಮ್ಮ ಹಿರಿಯರು ಅವನ್ನೆಲ್ಲ ಯಾವ ಸೇತುವೆ ದಾಟಿ ಕಲಿತರು?

ಉತ್ತರ ಹುಡುಕಲು ದೂರ ಹೋಗಬೇಕಿರಲಿಲ್ಲ. ಆಳಂದ ತಾಲ್ಲೂಕಿನಲ್ಲಿ ಹುಟ್ಟುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಹತ್ತಿರ ಭೀಮೆಯನ್ನು ಸೇರುತ್ತದೆ. ಅಲ್ಲಿಂದ ಭೀಮೆ ಜೇವರ್ಗಿಯ ಸೀಮೆಗೆ ಹರಿಯುತ್ತದೆ. ಮೂವರ ಊರನ್ನೂ ಕಟ್ಟಿಹಾಕಿದ ಈ ನೀರಿನ ದಾರಿಯಲ್ಲೇ ಮೊದಲ ಕತೆ ಸಿಕ್ಕಿತು.

ಗಾಣಗಾಪುರ ದತ್ತಾತ್ರೇಯನ ಕ್ಷೇತ್ರ. ಅಲ್ಲಿ ನೆಲೆಸಿದ್ದ ನೃಸಿಂಹ ಸರಸ್ವತಿಯವರ ಚರಿತ್ರೆ ಹೇಳುವ 'ಗುರುಚರಿತ್ರೆ' ಮಹಾರಾಷ್ಟ್ರದ ಮನೆಮನೆಯಲ್ಲಿ ಪಾರಾಯಣವಾಗುವ ಮರಾಠಿ ಗ್ರಂಥ. ಬರೆದವನು ಸರಸ್ವತಿ ಗಂಗಾಧರ. ಅವನ ಮನೆಮಾತು ಕನ್ನಡ. ಮರಾಠಿ ತನಗೆ ಚೆನ್ನಾಗಿ ಬಾರದೆಂದು ಅವನೇ ಗ್ರಂಥದ ಆರಂಭದಲ್ಲಿ ಒಪ್ಪಿಕೊಳ್ಳುತ್ತಾನೆ. ಗ್ರಂಥದಲ್ಲಿ ಬರುವ ಶಿಷ್ಯ ಸಾಯಂದೇವನ ವಂಶದವನು ಅವನು. ಸಾಯಂದೇವನ ಊರು ಆಳಂದ ತಾಲ್ಲೂಕಿನ ಕಡಗಂಚಿ. ಗ್ರಂಥ ಬರೆದದ್ದೂ ಇದೇ ಊರಲ್ಲಿ ಎಂಬುದು ಅಲ್ಲಿನವರ ನಂಬಿಕೆ.

ಭಾಷೆ ಸರಿಯಾಗಿ ಬರುವುದಿಲ್ಲ ಅನ್ನುತ್ತಲೇ ಆ ಭಾಷೆಯ ಬಹುಜನಪ್ರಿಯ ಗ್ರಂಥವೊಂದನ್ನು ಬರೆದ ಕನ್ನಡಿಗ ನಮ್ಮ ಕಡೆಯವನು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಇಂದು ಅದೇ ಕಡಗಂಚಿಯಲ್ಲಿದೆ. ಹೊಸ ಭಾಷೆಗೆ ಅಂಜುವ ಹುಡುಗ ಹುಡುಗಿಯರಿಗೆ ಆ ಊರಿನ ಈ ಕತೆಯನ್ನು ಯಾರಾದರೂ ಮೊದಲ ದಿನವೇ ಹೇಳಬೇಕು.

ಗಡಿಯ ಮರಾಠಿ ಸಂತೆಯಲ್ಲಿ, ಬೀಗತನದಲ್ಲಿ, ಭಜನೆಯಲ್ಲಿ ಬಂದ ಭಾಷೆ. ದಖನಿಯೂ ಹಾಗೇ. ಕಲಬುರಗಿಯ ಬಂದೇನವಾಜರ ಕಾಲದಿಂದ, ಆಳಂದದ ಲಾಡ್ಲೆ ಮಶಾಯಖರ ದರ್ಗಾದ ಉರುಸಿನವರೆಗೆ, ಜನರ ನಡುವೆ ಓಡಾಡುತ್ತ ಬೆಳೆದ ಮಾತು ಅದು. ಅದಕ್ಕೆ ಪರೀಕ್ಷೆ ಇರಲಿಲ್ಲ, ನಪಾಸಾಗುವ ಭಯವೂ ಇರಲಿಲ್ಲ. ಆಳುವವರ ಭಾಷೆಯ ಮಾತು ಬೇರೆ.

ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಬಹುಕಾಲ ಫಾರ್ಸಿ. 1884ರ ಹೊತ್ತಿಗೆ ಆ ಜಾಗಕ್ಕೆ ಉರ್ದು ಬಂತು. ಕನ್ನಡ, ಮರಾಠಿ, ತೆಲುಗು ಆಡುವ ರೈತನ ಅರ್ಜಿ, ಕೋರ್ಟಿನ ತೀರ್ಪು ಎಲ್ಲ ಅವನಿಗೆ ಓದಲು ಬಾರದ ಲಿಪಿಯಲ್ಲಿ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬೋಧನೆ ಉರ್ದುವಿನಲ್ಲಿ, ಇಂಗ್ಲಿಷ್ ಕಡ್ಡಾಯದ ವಿಷಯ. ದೇಶದ ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷಿಗೇ ಅಂಟಿಕೊಂಡಿದ್ದಾಗ, ದೇಶಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು, ವೈದ್ಯ ಕಲಿಸಲು ಹೊರಟದ್ದು ದೊಡ್ಡ ಸಾಹಸವೇ.

ಆ ಸಾಹಸಕ್ಕೆ ಮಾಡಿಕೊಂಡ ತಯಾರಿ ನೋಡಿ. ವಿಶ್ವವಿದ್ಯಾಲಯ ಶುರುವಾಗುವ ಮುಂಚೆಯೇ, 1917ರಲ್ಲಿ, ಅನುವಾದದ ಕಚೇರಿಯೊಂದನ್ನು ತೆರೆದರು. ಹೆಸರು 'ದಾರುಲ್ ತರ್ಜುಮಾ'. ಪಠ್ಯಪುಸ್ತಕಗಳನ್ನು ಉರ್ದುವಿಗೆ ತರುವುದು, ಇಲ್ಲದ ಪಾರಿಭಾಷಿಕ ಪದಗಳನ್ನು ಕಟ್ಟುವುದು ಅದರ ಕೆಲಸ. ಮೊದಲು ಸೇತುವೆ ಕಟ್ಟಿ ಆಮೇಲೆ ವಿದ್ಯಾರ್ಥಿಗಳನ್ನು ಕರೆದರು.

ಆದರೆ ಆ ಸೇತುವೆ ಉರ್ದು ಬಲ್ಲವರಿಗೆ. ಜೇವರ್ಗಿಯ ಕನ್ನಡ ಹುಡುಗ ಆ ಸೇತುವೆಯ ಬುಡ ಮುಟ್ಟುವುದಕ್ಕೇ ಇನ್ನೊಂದು ಹೊಳೆ ಈಜಬೇಕಿತ್ತು. ಉಸ್ಮಾನಿಯಾದಲ್ಲಿ ಕನ್ನಡವೂ ಒಂದು ವಿಷಯವಾಗಿ ಇತ್ತು, ಡಿ.ಕೆ. ಭೀಮಸೇನರಾಯರಂಥವರು ಪಾಠ ಹೇಳುತ್ತಿದ್ದರು. ಉಳಿದ ಪಾಠಗಳಿಗೆ ಮಾತ್ರ ಉರ್ದು ಬೇಕೇ ಬೇಕಿತ್ತು.

ಹಳ್ಳಿ ಶಾಲೆಯಲ್ಲಿ ಅದು ಹೇಗಿತ್ತೆಂದು ನಮ್ಮ ಅಫಜಲಪುರದ ಗೆಳತಿಯ ಅಜ್ಜ ಹೇಳಿದರು. ಪೊಲೀಸ್ ಕಾರ್ಯಾಚರಣೆಗೆ ಮೊದಲು ಅವರು ಉರ್ದು ಶಾಲೆಗೆ ಹೋದವರು. ಈಗಲೂ ಉರ್ದು ಪತ್ರಿಕೆ ಓದುತ್ತಾರೆ, ಮನೆ ಲೆಕ್ಕ ಕನ್ನಡದಲ್ಲಿ ಬರೆಯುತ್ತಾರೆ. "ಪುಸ್ತಕದಾಗ ಕನ್ನಡ ಒಂದಕ್ಷರ ಇದ್ದಿಲ್ಲವಾ. ಆದ್ರ ನಮ್ ಮಾಸ್ತರು ಭಾಳ ಶ್ಯಾಣ್ಯಾ. ಅಲಿಫ್ ಅಂದ್ರ ನಿಂತ ಕೋಲು, ಬೇ ಅಂದ್ರ ತೆಪ್ಪ, ಕೆಳಗೊಂದು ಚುಕ್ಕಿ ಅಂತ ನಮ್ ಮಾತಿನಾಗ ಹೇಳಿ ಕಲಿಸಿದ್ರು" ಎಂದರು. ಸರ್ಕಾರ ಕಟ್ಟದ ಸೇತುವೆಯನ್ನು ಹಳ್ಳಿಯ ಒಬ್ಬ ಮಾಸ್ತರು ಬಾಯಿಂದಲೇ ಕಟ್ಟಿದ್ದರು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಕಲಬುರಗಿ ಕನ್ನಡ ನಾಡಿಗೆ ಸೇರಿತು. ಮಕ್ಕಳಿಗೆ ಮನೆಮಾತಿನ ಶಾಲೆ ಸಿಕ್ಕಿತು. ಹೇರಿಕೆಯಿಂದ ಬಂದರೂ ಉರ್ದು ವ್ಯರ್ಥವಾಗಲಿಲ್ಲ. ಉಸ್ಮಾನಿಯಾದಲ್ಲಿ ಓದಿದ ಸಿದ್ದಯ್ಯ ಪುರಾಣಿಕರು ಕನ್ನಡದ ಕವಿಯಾದರು. ರಾಯಚೂರಿನ ಶಾಂತರಸರು ಉರ್ದುವಿನ ಗಜಲ್ ರೂಪವನ್ನು ಕನ್ನಡಕ್ಕೆ ತಂದರು. ಇಂದು ನಮ್ಮ ಕಡೆ ಗಜಲ್ ಬರೆಯದ ಕವಿ ಸಿಗುವುದೇ ಕಷ್ಟ.

ಇನ್ನು ಫ್ರೆಂಚರ ವಿಷಯ. ಅವರು ನಮಗೆ ಅಪರಿಚಿತರೇನಲ್ಲ. ಕಲಬುರಗಿ ಕೋಟೆಯ 'ಬಾರಾ ಗಜ್ ತೋಪ್' ತೋರಿಸುವಾಗ ನಾವು ಫಿರಂಗಿ ಅನ್ನುತ್ತೇವಲ್ಲ, ಆ ಪದದ ಬೇರಿನಲ್ಲಿ ಇರುವುದು ಫ್ರಾನ್ಸಿಗೆ ಹೆಸರು ಕೊಟ್ಟ 'ಫ್ರಾಂಕ್' ಜನ. ಅರಬರು, ಫಾರ್ಸಿಯವರು ಯುರೋಪಿನವರನ್ನೆಲ್ಲ ಹಾಗೆ ಕರೆದರು. ನಮ್ಮಲ್ಲಿ ಆ ಹೆಸರು ಅವರು ತಂದ ತೋಪಿಗೆ ಅಂಟಿತು. 1751ರಲ್ಲಿ ಫ್ರೆಂಚ್ ಸೇನಾನಿ ಬುಸ್ಸಿ ಸಲಾಬತ್ ಜಂಗನನ್ನು ಹೈದರಾಬಾದಿನ ಗದ್ದುಗೆಗೆ ಏರಿಸಿದ, 1758ರವರೆಗೆ ದಖ್ಖನಿನ ರಾಜಕೀಯ ಆಡಿಸಿದ. ಮುಂದೆ ರೇಮೊಂ ಎಂಬ ಫ್ರೆಂಚನೊಬ್ಬ ನಿಜಾಮನಿಗಾಗಿ ದೊಡ್ಡ ಪಡೆ ಕಟ್ಟಿದ. 1798ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ಬ್ರಿಟಿಷರು ಆ ಪಡೆಯ ಆಯುಧ ಕಿತ್ತುಕೊಂಡು ಚದುರಿಸಿದರು. ಹೈದರಾಬಾದಿನ ಜನ 'ಮೊಸ್ಯೋ ರೇಮೊಂ' ಎಂಬುದನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮೂಸಾ ರಾಮ್ ಎಂದರು, ಮೂಸಾ ರಹೀಮ್ ಎಂದರು. ಅವನ ಸಮಾಧಿಯ ಹತ್ತಿರದ ಬಡಾವಣೆ ಇಂದಿಗೂ ಮೂಸಾರಾಮ್‌ಬಾಗ್.

ಇಷ್ಟೆಲ್ಲ ಆದರೂ ಫ್ರೆಂಚ್ ನಮ್ಮ ಹಳ್ಳಿಗಳಿಗೆ ಬರಲಿಲ್ಲ. ಕನ್ನಡ ಕಲಿತ ಫ್ರೆಂಚರು ಮಾತ್ರ ಇದ್ದಾರೆ. 1792ರಲ್ಲಿ ಭಾರತಕ್ಕೆ ಬಂದು ಬಹುಕಾಲ ಮೈಸೂರು ಸೀಮೆಯಲ್ಲಿದ್ದ ಪಾದ್ರಿ ಅಬ್ಬೆ ದುಬುವಾ ಜನರ ನಡುವೆ ಅವರಂತೆಯೇ ಬದುಕಿ, ಅವರ ಆಚಾರ ವಿಚಾರದ ಬಗ್ಗೆ ದೊಡ್ಡ ಪುಸ್ತಕ ಬರೆದ. 1855ರಲ್ಲಿ ಬೆಂಗಳೂರಿನಲ್ಲಿ ಫ್ರೆಂಚ್ ಪಾದ್ರಿಗಳ ಕನ್ನಡ-ಲ್ಯಾಟಿನ್ ನಿಘಂಟು ಅಚ್ಚಾಯಿತು, 1861ರಲ್ಲಿ ಬಿಷಪ್ ಶಾರ್ಬೊನೊ ಅವರ ಲ್ಯಾಟಿನ್-ಕನ್ನಡ ನಿಘಂಟು. ಅವರು ತಮಗೆ ಬೇಕಾದ ಸೇತುವೆಯನ್ನು ತಮಗೆ ಗೊತ್ತಿದ್ದ ಭಾಷೆಯಿಂದಲೇ ಕಟ್ಟಿಕೊಂಡರು. ಅದು ಅವರ ಓಡಾಟಕ್ಕೆ ಸಾಕಿತ್ತು. ನಮ್ಮ ಹುಡುಗ ಅದರ ಮೇಲೆ ನಡೆದು ಫ್ರೆಂಚಿಗೆ ಹೋಗಲಾರ.

ಈ ಕಡೆಯಿಂದ ಆ ಕಡೆಗೆ ನಡೆದವರಲ್ಲಿ ನಮಗೆ ದೊಡ್ಡ ಹೆಸರು ಡಾ. ವಸುಂಧರಾ ಫಿಲಿಯೋಜಾ. ಧಾರವಾಡದಲ್ಲಿ ಓದಿ ಪ್ಯಾರಿಸ್ಸಿಗೆ ಹೋದ ಕನ್ನಡತಿ. ವಿಜಯನಗರದ ಶಾಸನಗಳ ಮೇಲೆ ಸೊರ್ಬಾನ್‌ನಲ್ಲಿ ಸಂಶೋಧನೆ ಮಾಡಿದರು. 1377ರವರೆಗಿನ ವಿಜಯನಗರ ಶಾಸನಗಳ ಬಗ್ಗೆ ಅವರು ಫ್ರೆಂಚಿನಲ್ಲಿ ಬರೆದ ಪುಸ್ತಕ 1973ರಲ್ಲಿ ಪ್ರಕಟವಾಯಿತು. ಕನ್ನಡದ ಕಲ್ಲಿನ ಬರಹವನ್ನು ಫ್ರೆಂಚರ ಮುಂದಿಟ್ಟವರು ಅವರು. ಫ್ರೆಂಚ್ ಕಲಿತು ಏನು ಮಾಡ್ತೀರಿ ಅನ್ನುವ ಮನೆಯವರಿಗೆ ನಾವೀಗ ಈ ಉದಾಹರಣೆ ಕೊಡುತ್ತೇವೆ.

ಇದನ್ನೆಲ್ಲ ಓದಿದ ಮೇಲೆ ನಾವು ಹಳೆಯ ನೋಟ್‌ಬುಕ್ ಮತ್ತೆ ತೆರೆದೆವು. ಇಂಗ್ಲಿಷ್ ವಿವರಣೆ ಬದಿಗಿಟ್ಟು, ನಮ್ಮ ಮನೆಮಾತುಗಳಿಂದ ಫ್ರೆಂಚಿಗೆ ಎಷ್ಟು ದಾರಿ ಇದೆ ನೋಡೋಣ ಅಂದುಕೊಂಡೆವು. ನಮಗೇ ಆಶ್ಚರ್ಯವಾಯಿತು.

ಉಚ್ಚಾರಣೆಯಿಂದ ಶುರುಮಾಡಿ. ಫ್ರೆಂಚಿನ ತ ಮತ್ತು ದ ನಮ್ಮ ತಾಯಿ, ದನ ಎಂಬಲ್ಲಿಯ ತ, ದಗಳಂತೆ ಹಲ್ಲಿಗೆ ತಾಗಿ ಬರುತ್ತವೆ. ಇಂಗ್ಲಿಷಿನ ದಾರಿ ಹಿಡಿದವರು ಟ, ಡ ಅಂದು ತಪ್ಪುತ್ತಾರೆ. 'ಬೋಂ' ಎಂಬಲ್ಲಿ ಮೂಗಿನಿಂದ ಬರುವ ಸ್ವರ ದಖನಿಯ 'ಹಾಂ', 'ನಹೀಂ' ಅನ್ನುವವರಿಗೆ ಹುಟ್ಟಿನಿಂದಲೇ ಬರುತ್ತದೆ. ಗಂಟಲಲ್ಲಿ ಹುಟ್ಟುವ ಫ್ರೆಂಚ್ 'ರ' ಎಲ್ಲರನ್ನೂ ಕಾಡುತ್ತದೆ. ಉರ್ದು ಬಲ್ಲವರು 'ಗಜಲ್' ಪದದ ಮೊದಲ ಅಕ್ಷರವನ್ನು ಹೇಳುವ ಬಗೆ ಅದಕ್ಕೆ ಬಹಳ ಹತ್ತಿರ.

ಇನ್ನು ಮರ್ಯಾದೆ. ಫ್ರೆಂಚಿನಲ್ಲಿ 'ತ್ಯು' ಅಂದರೆ ನೀನು, 'ವೂ' ಅಂದರೆ ನೀವು. ಇಂಗ್ಲಿಷಿನ ಒಂದೇ 'ಯೂ' ಮೂಲಕ ಇದನ್ನು ವಿವರಿಸಲು ನಮ್ಮ ತರಗತಿಯಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು. ಬಸ್ಸಿನಲ್ಲಿ ಪಕ್ಕದವರಿಗೆ "ಸ್ವಲ್ಪ ಸರೀರಿ" ಅನ್ನುವ ನಮಗೆ ಅದು ಒಂದು ವಾಕ್ಯದ ಕೆಲಸ.

ಲಿಂಗದ ವಿಷಯ ನಿಜವಾಗಿಯೂ ಕಷ್ಟ. ಫ್ರೆಂಚಿನಲ್ಲಿ ಕುರ್ಚಿ ಹೆಣ್ಣು, ಪುಸ್ತಕ ಗಂಡು. ಕನ್ನಡ ಮಾತ್ರ ಬಲ್ಲವರಿಗೆ ಇದು ವಿಚಿತ್ರ, ನಮ್ಮಲ್ಲಿ ಎರಡೂ 'ಅದು'. ಆದರೆ ಉರ್ದುವಿನಲ್ಲೂ ಮರಾಠಿಯಲ್ಲೂ ಕುರ್ಚಿ ಹೆಣ್ಣೇ. ಪುಸ್ತಕ ಉರ್ದುವಿನಲ್ಲಿ ಹೆಣ್ಣು, ಮರಾಠಿಯಲ್ಲಿ ನಪುಂಸಕ, ಫ್ರೆಂಚಿನಲ್ಲಿ ಗಂಡು. ಯಾವ ವಸ್ತು ಯಾವ ಲಿಂಗ ಎಂಬುದನ್ನು ಬಾಯಿಪಾಠವೇ ಮಾಡಬೇಕು. ವಸ್ತುವಿಗೆ ಲಿಂಗ ಇರಬಹುದು ಎಂಬ ಮಾತಂತೂ ಗಡಿಸೀಮೆಯ ಮಕ್ಕಳಿಗೆ ಹೊಸದಲ್ಲ.

ಎಲ್ಲವೂ ಸಲೀಸು ಎಂದು ಸುಳ್ಳು ಹೇಳುವುದಿಲ್ಲ. ಬರೆದದ್ದನ್ನೆಲ್ಲ ಓದುವ ಕನ್ನಡದ ಅಭ್ಯಾಸ ಫ್ರೆಂಚಿನಲ್ಲಿ ಕೈಕೊಡುತ್ತದೆ. ಅಲ್ಲಿ ಪದದ ಕೊನೆಯ ಅಕ್ಷರಗಳು ಹಲವು ಸಲ ಕಾಗದದ ಮೇಲೆ ಮಾತ್ರ ಇರುತ್ತವೆ. ಎಣಿಕೆಯೂ ಅಷ್ಟೆ: ಎಪ್ಪತ್ತು ಅಂದರೆ ಅರವತ್ತು-ಹತ್ತು, ಎಂಬತ್ತು ಅಂದರೆ ನಾಲ್ಕು-ಇಪ್ಪತ್ತು, ತೊಂಬತ್ತು ಅಂದರೆ ನಾಲ್ಕು-ಇಪ್ಪತ್ತು-ಹತ್ತು. ಇದಕ್ಕೆ ಯಾವ ಮನೆಮಾತೂ ನೆರವಾಗದು, ಕೂತು ಕಲಿಯಬೇಕು.

ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಫ್ರೆಂಚ್ ಭಾಷಾ ವಿಷಯವಾಗಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದವರಿಗೆ ಅಲ್ಲಿ ಅಡ್ಡಿ ಇಲ್ಲ. ನಮ್ಮ ಮೂರು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಂದ ಬರುವವರಿಗೆ ಅದೇ ಪಾಠ ಎರಡು ಬಾಗಿಲಿನ ಮನೆ. ನಾವು ಕೇಳುವುದು ದೊಡ್ಡದೇನಲ್ಲ. ವಿಶ್ವವಿದ್ಯಾಲಯಗಳು ಆರಂಭದ ವಿದೇಶಿ ಭಾಷೆಯ ಪಾಠಕ್ಕೆ ಕನ್ನಡದಲ್ಲಿ ವಿವರಣೆ ಇರುವ ಒಂದು ಸಣ್ಣ ಕೈಪಿಡಿ ಕೊಡಲಿ, ಜೊತೆಗೆ ಉರ್ದು, ಮರಾಠಿಯ ಉದಾಹರಣೆಗಳಿರಲಿ. 1917ರಲ್ಲಿ ಹೈದರಾಬಾದಿನಲ್ಲಿ ಇಡೀ ಕಚೇರಿಯನ್ನೇ ತೆರೆಯಲು ಸಾಧ್ಯವಾಗಿತ್ತು. ಇಂದು ಮೂವತ್ತು ಪುಟ ಸಾಕು.

ಅಲ್ಲಿಯವರೆಗೆ ನಾವೇ ಶುರುಮಾಡಿದ್ದೇವೆ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿವೆ. ಬರೆಯುತ್ತಿರುವವನು ಜೇವರ್ಗಿಯ ಗೆಳೆಯ. ಆರ್ಟಿಕಲ್ ಅಂದರೇನು ಎಂಬುದನ್ನು ಅವನೇ ಕನ್ನಡದಲ್ಲಿ ಬರೆದು ನಮಗೆ ಓದಿ ಹೇಳಿದ. ಎಂಬತ್ತರ ಹತ್ತಿರ ಬಂದು ನಿಂತಿದ್ದಾನೆ.