ಅರಳದ ಕಾಳಿನ ಬೆನ್ನು ಹತ್ತಿದವರು

ಪಾಪ್‌ಕಾರ್ನ್ ಬಟ್ಟಲಿನ ತಳದಲ್ಲಿ ಕೊನೆಗೆ ಉಳಿಯುತ್ತಲ್ಲ, ಕಂದುಬಣ್ಣದ ಕಲ್ಲಿನಂಥ ಹತ್ತಿಪ್ಪತ್ತು ಕಾಳು, ಅದಕ್ಕೆ ಅಮೆರಿಕದವರು ಒಂದು ಹೆಸರಿಟ್ಟಿದ್ದಾರೆ. 'ಓಲ್ಡ್ ಮೇಡ್ಸ್' ಅಂತ. ಅಂದ್ರೆ ಮದುವೆಯಾಗದೆ ಮುದುಕಿಯರಾದವರು. ಅರಳಬೇಕಾದ ಹೊತ್ತಿನಲ್ಲಿ ಅರಳದವರು ಅನ್ನೋ ಕೊಂಕು. ಇದು ಬರೀ ಮನೆಮಾತಿನ ತಮಾಷೆಯಲ್ಲ. ಸಿನಿಮಾ ಥಿಯೇಟರುಗಳಲ್ಲಿ ಗಾಜಿನ ಪೆಟ್ಟಿಗೆಯಂಥ ಪಾಪ್‌ಕಾರ್ನ್ ಯಂತ್ರ ನೋಡಿರ್ತೀರಿ. ಅದರ ತಳದ ತಗಡಿಗೆ ತೂತುಗಳಿರುತ್ತವೆ, ಅದರ ಕೆಳಗೊಂದು ಡ್ರಾಯರ್. ಅರಳಿದ್ದು ಮೇಲೆ ನಿಲ್ಲುತ್ತೆ, ಅರಳದ್ದು ತೂತಿನಿಂದ ಜಾರಿ ಕೆಳಗೆ ಬೀಳುತ್ತೆ. ಯಂತ್ರ ಮಾರುವವರು ಆ ಭಾಗವನ್ನು ಇವತ್ತಿಗೂ 'ಓಲ್ಡ್ ಮೇಡ್ ಡ್ರಾಯರ್' ಅಂತಲೇ ಕರೀತಾರೆ. ಹೆಸರು ಬದಲಾಯಿಸೋಣ ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಈಗ ಅದೇ ತೂತಿನ ತಗಡು ಮನೆಗೂ ಬಂದಿದೆ. ಆನ್‌ಲೈನ್ ಅಂಗಡಿಗಳಲ್ಲಿ ಹುಡುಕಿದರೆ ಮೈಕ್ರೋವೇವ್ ಪಾಪ್‌ಕಾರ್ನ್ ತಿನ್ನುವವರಿಗಾಗಿಯೇ ಮಾಡಿದ ಪುಟ್ಟ ಸಲಕರಣೆಗಳು ಸಿಗುತ್ತವೆ. ಒಂದು ಜಾತಿಯದಕ್ಕೆ ತಳದಲ್ಲಿ ಜಾಲರಿ ಇರೋ ಬಟ್ಟಲು, ಅದರಡಿ ಇನ್ನೊಂದು ತಟ್ಟೆ. ಇನ್ನೊಂದು ಜಾತಿಯದನ್ನ ಪೊಟ್ಟಣದ ಬಾಯಿಗೇ ಸಿಕ್ಕಿಸಿ, ತಲೆಕೆಳಗೆ ಮಾಡಿ ಅಲ್ಲಾಡಿಸಬೇಕು. ಕಾಳೆಲ್ಲ ಉದುರಿಹೋದ ಮೇಲೆ ಸಿನಿಮಾ ನೋಡ್ತಾ ಕತ್ತಲಲ್ಲಿ ಧೈರ್ಯವಾಗಿ ಬಾಯಿಗೆ ಹಾಕ್ಕೋಬಹುದು. ಒಂದು ಕಾಳು ಕಚ್ಚಿ ದವಡೆ ಹಲ್ಲು ಸೀಳಿಸಿಕೊಂಡವರನ್ನ ಕೇಳಿ, ಈ ಸಲಕರಣೆಯ ಬೆಲೆ ಏನು ಅಂತ ಅವರು ಹೇಳ್ತಾರೆ.

ಆದರೂ ಸತ್ಯ ಏನಂದ್ರೆ, ಇದು ಜರಡಿ. ಮನುಷ್ಯ ಧಾನ್ಯ ತಿನ್ನೋಕೆ ಶುರು ಮಾಡಿದಾಗಿನಿಂದ ಅಡುಗೆಮನೆಯಲ್ಲಿರೋ ವಸ್ತು. ಅದನ್ನ 'ಹೊಸ ಆವಿಷ್ಕಾರ' ಅಂತ ಮತ್ತೆ ಮಾರುವ ಪರಿಸ್ಥಿತಿ ಹೇಗೆ ಬಂತು?

ಮೊದಲು ಕಾಳಿನ ವಿಷಯ. ಪೆರುವಿನ ಉತ್ತರ ಕರಾವಳಿಯ ಪಾರೆದೋನೆಸ್ ಮತ್ತು ಹುವಾಕಾ ಪ್ರಿಯೆತಾ ಎಂಬ ಜಾಗಗಳಲ್ಲಿ ಸಿಕ್ಕ ಮೆಕ್ಕೆಜೋಳದ ಅವಶೇಷಗಳನ್ನು ನೋಡಿದರೆ, ಸುಮಾರು 6,700 ವರ್ಷಗಳ ಹಿಂದೆಯೇ ಅಲ್ಲಿನ ಜನ ಜೋಳವನ್ನು ಅರಳಿಸಿ ತಿನ್ನುತ್ತಿದ್ದರು. ಮಡಕೆ ಮಾಡೋದು ಅವರಿಗಿನ್ನೂ ಗೊತ್ತಿರಲಿಲ್ಲ. ಅಂದ್ರೆ ಪಾಪ್‌ಕಾರ್ನ್ ಪಾತ್ರೆಗಿಂತ ಹಳೇದು.

ಕಾಳು ಅರಳೋದು ಒಳಗಿನ ನೀರಿನಿಂದ. ಒಳ್ಳೇ ಪಾಪ್‌ಕಾರ್ನ್ ಕಾಳಿನಲ್ಲಿ ಸುಮಾರು 14 ಶೇಕಡಾ ತೇವ ಇರುತ್ತೆ. ಬಿಸಿಯಾದಂತೆ ಅದು ಆವಿಯಾಗುತ್ತೆ, ಆದರೆ ಗಟ್ಟಿ ಸಿಪ್ಪೆ ಅದನ್ನ ಹೊರಗೆ ಬಿಡಲ್ಲ. ಒಳಗಿನ ಪಿಷ್ಟ ಮೆತ್ತಗಾಗುತ್ತಾ ಹೋಗುತ್ತೆ, ಒತ್ತಡ ಏರುತ್ತಾ ಹೋಗುತ್ತೆ. ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ಸೋಲುತ್ತೆ. ಹೆಚ್ಚುಕಮ್ಮಿ ನಮ್ಮ ಪ್ರೆಶರ್ ಕುಕ್ಕರೇ, ಸೀಟಿ ಮಾತ್ರ ಇಲ್ಲ. ಹಾಗಾಗಿ ಸಿಪ್ಪೆಯಲ್ಲೊಂದು ಸಣ್ಣ ಬಿರುಕಿದ್ದರೂ ಸಾಕು, ಗ್ಯಾಸ್ಕೆಟ್ ಹೋದ ಕುಕ್ಕರಿನ ಥರ ಆವಿಯೆಲ್ಲ ಸೋರಿಹೋಗುತ್ತೆ.

ನಮ್ಮ ಕಡೆಯ ಹೆಂಗಸರಿಗೆ ಈ ತೇವದ ಲೆಕ್ಕ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಜೋಳದ ಅರಳು ಹುರೀತಾರೆ. ಹುರಿಯೋ ಮೊದಲು ಜೋಳಕ್ಕೆ ನೀರು ಚಿಮುಕಿಸಿ ಮುಚ್ಚಿಡ್ತಾರೆ. ಆಮೇಲೆ ಕಾದ ಬಾಣಲೆಯಲ್ಲಿ ಹುರಿದು, ಅರಳದ ಕಾಳನ್ನು ಬೇರೆ ಮಾಡಿ, ಅರಳು ಬೀಸಿ ಅಳ್ಳಿಟ್ಟು ಮಾಡ್ತಾರೆ. ಮೆಕ್ಕೆಜೋಳ ಬೇರೆ, ಈ ಜೋಳ ಬೇರೆ, ಆದರೆ ಒಳಗೆ ನಡೆಯೋ ಕೆಲಸ ಒಂದೇ. ಇನ್ನೊಂದು ಮಾತು. ಇಂಗ್ಲಿಷಿನವರು ಆ ಸದ್ದು ಕೇಳಿ 'ಪಾಪ್' ಅಂದರು. ನಾವು ಆಕಾರ ನೋಡಿ, ಹೂವಿಗೆ ಹೇಳೋ ಮಾತನ್ನೇ ಕಾಳಿಗೂ ಹೇಳಿದೆವು. ಯಾವುದು ಚಂದ ಅಂತ ನಾನು ತೀರ್ಪು ಕೊಡಬೇಕಾಗಿಲ್ಲ ಅನ್ಸುತ್ತೆ.

ಕಣ್ಣೆದುರೇ ಹುರಿಯೋ ಕಾಲದಲ್ಲಿ ಅರಳದ ಕಾಳು ದೊಡ್ಡ ತಲೆನೋವಾಗಿರಲಿಲ್ಲ. ಕೈ ಆಡಿಸ್ತಾ ಇದ್ದರೆ ಎಲ್ಲ ಕಾಳಿಗೂ ಬಿಸಿ ತಾಗುತ್ತೆ, ಉಳಿದದ್ದನ್ನ ಕೇರಿ ತೆಗೆದರಾಯ್ತು. ಶಿಕಾಗೋದ ಚಾರ್ಲ್ಸ್ ಕ್ರಿಟರ್ಸ್ 1893ರ ಅಲ್ಲಿನ ವಿಶ್ವಮೇಳಕ್ಕೆ ಆವಿಯಂತ್ರದಿಂದ ನಡೆಯುವ ಪಾಪ್‌ಕಾರ್ನ್ ಗಾಡಿ ತಂದಾಗಲೂ, ಜನ ಯಂತ್ರ ತನ್ನ ಪಾಡಿಗೆ ತಾನು ಹುರಿಯೋದನ್ನ ನಿಂತು ನೋಡಬಹುದಿತ್ತು. ರತ್ನಗಂಬಳಿ ಹಾಸಿದ ಥಿಯೇಟರಿನ ಮಾಲೀಕರು ಮೊದಮೊದಲು ಈ ತಿಂಡಿಯನ್ನ ಒಳಗೆ ಬಿಟ್ಟುಕೊಳ್ಳಲಿಲ್ಲ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಟಿಕೆಟ್ ದುಡ್ಡು ಸಾಲದೇ ಹೋದಾಗ, ಐದು ಹತ್ತು ಸೆಂಟಿನ ಪೊಟ್ಟಣವೇ ಅವರ ಕೈ ಹಿಡೀತು. ಮಲ್ಟಿಪ್ಲೆಕ್ಸಿನಲ್ಲಿ ನಾವು ಕಕ್ಕೋ ದುಡ್ಡಿನ ಮೂಲ ಅಲ್ಲಿದೆ.

ಕಥೆ ತಿರುಗೋದು ಪರ್ಸಿ ಸ್ಪೆನ್ಸರ್ ಎಂಬ ಮನುಷ್ಯನ ಜೇಬಿನಲ್ಲಿ. ಮೇನ್ ರಾಜ್ಯದ ಹಳ್ಳಿಯೊಂದರಲ್ಲಿ ಹುಟ್ಟಿ, ಶಾಲೆ ಪೂರ್ತಿ ಮಾಡದೇ ದುಡಿಯೋಕೆ ಹೋದವರು. ಎರಡನೇ ಮಹಾಯುದ್ಧದ ಹೊತ್ತಿಗೆ ಮ್ಯಾಸಚೂಸೆಟ್ಸ್‌ನ ರೇಥಿಯಾನ್ ಕಂಪನಿಯಲ್ಲಿ ರಡಾರಿಗೆ ಬೇಕಾದ ಮ್ಯಾಗ್ನೆಟ್ರಾನ್ ತಯಾರಿಕೆಯ ದೊಡ್ಡ ತಲೆ. 1945ರಲ್ಲಿ ಒಂದು ಮ್ಯಾಗ್ನೆಟ್ರಾನ್ ಎದುರು ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿತು. ಬೇರೆಯವರಾದರೆ ಪ್ಯಾಂಟ್ ಒಗೆಯೋಕೆ ಹಾಕ್ತಿದ್ದರು. ಇವರು ಪಾಪ್‌ಕಾರ್ನ್ ಕಾಳು ತರಿಸಿ ಯಂತ್ರದ ಮುಂದಿಟ್ಟರು. ಅಂದ್ರೆ ಮೈಕ್ರೋವೇವ್ ಅಡುಗೆಯ ಚರಿತ್ರೆಯಲ್ಲಿ ಬೇಕಂತಲೇ ಮಾಡಿ ನೋಡಿದ ಮೊದಮೊದಲ ಪ್ರಯೋಗಗಳಲ್ಲೇ ಪಾಪ್‌ಕಾರ್ನ್ ಇದೆ. ಮಿಕ್ಕಿದ್ದೆಲ್ಲ, ನೀವು ಆಫೀಸ್ ಪ್ಯಾಂಟ್ರಿಯಲ್ಲಿ ಬಿಸಿ ಮಾಡೋ ಡಬ್ಬಿ ಊಟ ಸೇರಿ, ಆಮೇಲೆ ಬಂದದ್ದು.

1949ರಲ್ಲಿ ಸ್ಪೆನ್ಸರಿಗೆ ಸಿಕ್ಕ ಪೇಟೆಂಟ್ ಒಂದಿದೆ, ಅದು ಪೊಟ್ಟಣದ ಪಾಪ್‌ಕಾರ್ನ್ ಬಗ್ಗೆಯೇ. ಅದರಲ್ಲಿ ಬಿಡಿ ಕಾಳಿಲ್ಲ. ಇಡೀ ತೆನೆಯನ್ನೇ ಚೀಲದೊಳಗಿಟ್ಟು ಮೈಕ್ರೋವೇವ್ ಹಾಯಿಸೋದು. ನನಗಂತೂ ಇದು ಓದಿ ನಗು ಬಂತು. ಅರಳದ ಕಾಳು ದಿಂಡಿಗೇ ಅಂಟಿಕೊಂಡು ಉಳಿಯುವಂತಿದ್ದರೆ, ಇವತ್ತಿನ ಜರಡಿ ಬಟ್ಟಲಿಗೆ ಕೆಲಸವೇ ಇರ್ತಿರಲಿಲ್ಲ, ಅಲ್ವಾ? ಆ ವಿಧಾನ ಅಂಗಡಿಗೆ ಬರಲಿಲ್ಲ. ಬರೋಕೆ ಮನೆಗಳಲ್ಲಿ ಮೈಕ್ರೋವೇವ್ ಎಲ್ಲಿತ್ತು? 1947ರ ಮೊದಲ ರಡಾರೇಂಜ್ ಒಲೆ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. ಅಡುಗೆಕಟ್ಟೆ ಮೇಲೆ ಕೂರೋ ಮಾದರಿ 1967ರಲ್ಲಿ ಬಂತು, ಅದೂ 495 ಡಾಲರಿಗೆ.

ಆ ನಡುವೆ ಇಂಡಿಯಾನಾದಲ್ಲಿ ಒಬ್ಬರು ಸಮಸ್ಯೆಯನ್ನ ಬೇರೆ ಕಡೆಯಿಂದ ಹಿಡಿದಿದ್ದರು. ಆರ್ವಿಲ್ ರೆಡನ್‌ಬಾಕರ್. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿದವರು. ಯಂತ್ರ ಸರಿ ಮಾಡೋದಕ್ಕಿಂತ ಬೀಜವನ್ನೇ ಸರಿ ಮಾಡೋಣ ಅಂದರು. 1951ರಲ್ಲಿ ಗೆಳೆಯ ಚಾರ್ಲ್ಸ್ ಬೋಮನ್ ಜೊತೆ ಬೀಜದ ಕಂಪನಿ ಕೊಂಡು, ವರ್ಷಗಟ್ಟಲೆ ತಳಿ ಬೆರೆಸಿ, ದೊಡ್ಡದಾಗಿ ಅರಳೋ, ಕಾಳು ಕಡಿಮೆ ಉಳಿಸೋ ಹೈಬ್ರಿಡ್ ತಂದರು. ಮಾರ್ಕೆಟಿಂಗ್ ಪರಿಣತರಿಗೆ 13,000 ಡಾಲರ್ ಕೊಟ್ಟು ಸಲಹೆ ಕೇಳಿದರೆ, ಅವರು 'ನಿಮ್ಮ ಹೆಸರನ್ನೇ ಇಡಿ' ಅಂದರಂತೆ. ನಮ್ಮಮ್ಮ ಇದೇ ಹೆಸರನ್ನ ಪುಕ್ಕಟೆ ಇಟ್ಟಿದ್ದಳು ಅಂತ ಅವರು ತಮಾಷೆ ಮಾಡೋರು. ದಪ್ಪ ಕನ್ನಡಕ, ಬೋ ಟೈ ಹಾಕಿಕೊಂಡ ಈ ಮುದುಕ ಟಿವಿ ಜಾಹೀರಾತಿನಲ್ಲಿ ನಿಂತು, 'ಹೆಚ್ಚು ಅರಳುತ್ತೆ' ಅನ್ನೋ ಒಂದೇ ಮಾತಿನ ಮೇಲೆ ಬೇರೆಯವರಿಗಿಂತ ಜಾಸ್ತಿ ಬೆಲೆಗೆ ಜೋಳ ಮಾರಿದರು.

ಮೈಕ್ರೋವೇವ್ ಪೊಟ್ಟಣದ ಪೇಟೆಂಟ್ ಜನರಲ್ ಮಿಲ್ಸ್ ಕಂಪನಿಗೆ ಸಿಕ್ಕಿದ್ದು 1981ರಲ್ಲಿ. ಮೂರು ವರ್ಷದ ನಂತರ ಮಿನ್ನೆಸೋಟಾದ ಗೋಲ್ಡನ್ ವ್ಯಾಲಿ ಕಂಪನಿ ಫ್ರಿಜ್ ಬೇಡದ ಪೊಟ್ಟಣ ತಂತು, ಹೆಸರು ಆಕ್ಟ್ ಟೂ. ಅವರದೇ ಮೊದಲ ಅಂಕಕ್ಕೆ ಫ್ರಿಜ್ ಬೇಕಿತ್ತು, ಅದಕ್ಕೇ ಇದು ಎರಡನೇ ಅಂಕ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಕುಕ್ಕರಿಗೆ ಹಾಕೋ ರೂಪದಲ್ಲಿ ತೂಗುಬಿದ್ದಿರುತ್ತಲ್ಲ, ಅದೇ ಹೆಸರು. ಅಮೆರಿಕದಲ್ಲಿ 1986ರ ಹೊತ್ತಿಗೆ ನಾಲ್ಕರಲ್ಲಿ ಒಂದು ಮನೆಗೆ ಮೈಕ್ರೋವೇವ್ ಬಂದಿತ್ತು, 1997ಕ್ಕೆ ಹತ್ತರಲ್ಲಿ ಒಂಬತ್ತಕ್ಕೆ.

ಇಲ್ಲಿ ನೋಡಿ, ಕಾಳು ಕಣ್ಣಿಂದ ಮರೆಯಾಯ್ತು. ಕೈ ಆಡಿಸೋ ಹಾಗಿಲ್ಲ, ಬೆಂಕಿ ಸಣ್ಣ ಮಾಡೋ ಹಾಗಿಲ್ಲ, ಕೇರೋ ಹಾಗಿಲ್ಲ. ಮೈಕ್ರೋವೇವ್ ಒಳಗೆ ಬಿಸಿ ಎಲ್ಲ ಕಡೆ ಒಂದೇ ಸಮ ಹರಡಲ್ಲ. ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ. ಅದಕ್ಕೇ ಪೊಟ್ಟಣದ ತಳದಲ್ಲಿ ಅಲ್ಯೂಮಿನಿಯಮ್ಮಿನ ತೀರಾ ತೆಳು ಲೇಪದ ಹಾಳೆ ಅಂಟಿಸಿರ್ತಾರೆ. ಅಲೆಗಳನ್ನ ಹೀರಿ ಅದು ಕಾದ ಹಂಚಿನಂತಾಗುತ್ತೆ. 'ಈ ಬದಿ ಮೇಲೆ' ಅಂತ ಬರೆದಿರೋದು ಇದಕ್ಕೇ. ಇಷ್ಟಾದರೂ ನಮಗೆ ಉಳಿದಿರೋದು ಕಿವಿ ಮಾತ್ರ: ಎರಡು ಸದ್ದಿನ ನಡುವೆ ಎರಡು ಮೂರು ಸೆಕೆಂಡ್ ಬಿಡುವಾದರೆ ನಿಲ್ಲಿಸಿ. ಕೊನೇ ಕಾಳೂ ಅರಳಲಿ ಅಂತ ಆಸೆಬಿದ್ದು ಇನ್ನರ್ಧ ನಿಮಿಷ ಬಿಟ್ಟಿರೋ, ಇಡೀ ಫ್ಲೋರಿಗೆ ಸುಟ್ಟ ವಾಸನೆ.

ಪೊಟ್ಟಣ ಮರೆಮಾಡಿದ್ದು ಕಾಳನ್ನಷ್ಟೇ ಅಲ್ಲ. 2000ದ ಮೇ ತಿಂಗಳಲ್ಲಿ ಮಿಸೌರಿ ರಾಜ್ಯದ ಆರೋಗ್ಯ ಇಲಾಖೆಗೆ ಒಂದು ವರದಿ ಬಂತು. ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಜನರಿಗೆ ಶ್ವಾಸಕೋಶದ ಸಣ್ಣ ನಾಳಗಳೇ ಕಟ್ಟಿಹೋಗುವ ಅಪರೂಪದ ಕಾಯಿಲೆ ಬಂದಿತ್ತು. ಸರ್ಕಾರದ ತಜ್ಞರು ಹೋಗಿ ನೋಡಿದಾಗ ಬೊಟ್ಟು ತೋರಿಸಿದ್ದು ಡೈಅಸಿಟೈಲ್ ಕಡೆಗೆ. ಪೊಟ್ಟಣ ಬಿಚ್ಚಿದ ಕೂಡಲೇ ಮೂಗಿಗೆ ಬಡಿಯುವ ಆ ಬೆಣ್ಣೆ ವಾಸನೆಯಲ್ಲಿ ಇದೇ ಮುಖ್ಯ. ಬಿಸಿ ಎಣ್ಣೆಗೆ ಈ ಸುವಾಸನೆ ಬೆರೆಸುವ ಜಾಗದಲ್ಲಿ ದಿನವಿಡೀ ನಿಲ್ಲುತ್ತಿದ್ದವರಿಗೆ ಅಪಾಯ ಎಲ್ಲರಿಗಿಂತ ಹೆಚ್ಚಿತ್ತು. ಹಾಳಾದ ನಾಳಗಳು ಮತ್ತೆ ಸರಿಹೋಗಲ್ಲ. ದೊಡ್ಡ ಕಂಪನಿಗಳು ಇದನ್ನ ಬಿಡ್ತೀವಿ ಅಂತ ಘೋಷಿಸಿದ್ದು 2007ರಲ್ಲಿ, ಅಂದ್ರೆ ಏಳು ವರ್ಷದ ಮೇಲೆ. ಇನ್ನು ಎಣ್ಣೆ ಕಾಗದಕ್ಕೆ ಹೀರದಂತೆ ಪೊಟ್ಟಣಕ್ಕೆ ಹಾಕುತ್ತಿದ್ದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳ ಮಾರಾಟ ಆಹಾರದ ಪೊಟ್ಟಣಗಳಿಗಾಗಿ ಅಮೆರಿಕದಲ್ಲಿ ನಿಂತಿದೆ ಅಂತ ಅಲ್ಲಿನ ಎಫ್‌ಡಿಎ ಹೇಳಿದ್ದು 2024ರ ಫೆಬ್ರವರಿಯಲ್ಲಿ. ಬಟ್ಟಲಿನ ತಳದ ಕಾಳು ತಿನ್ನೋರಿಗೆಲ್ಲ ಕಾಣಿಸುತ್ತೆ, ಅದಕ್ಕೊಂದು ಸಲಕರಣೆಯೂ ಹುಟ್ಟುತ್ತೆ. ಜಾಸ್ಪರಿನ ಆ ಎಂಟು ಜನ ಅಷ್ಟು ಬೇಗ ಯಾರಿಗೂ ಕಾಣಿಸಲಿಲ್ಲ. ಈ ತಿಂಡಿಯ ಚರಿತ್ರೆ ಬರೆಯೋರು ಸ್ಪೆನ್ಸರ್ ಜೇಬಿನ ಮಿಠಾಯಿಗೆ ಒಂದು ಪುಟ ಕೊಟ್ಟರೆ, ಇವರಿಗೆ ಎರಡು ಕೊಡಬೇಕು.

ಕಾಳಿಗೆ ವಾಪಸ್ ಬರೋಣ. ಅದು ಯಾಕೆ ಅರಳಲ್ಲ ಅನ್ನೋದಕ್ಕೆ ಖಚಿತ ಉತ್ತರ ಬಂದದ್ದು 2005ರಲ್ಲಿ, ರೆಡನ್‌ಬಾಕರ್ ಓದಿದ ಅದೇ ಪರ್ಡ್ಯೂನಿಂದ. ಬ್ರೂಸ್ ಹಮಾಕರ್ ಮತ್ತವರ ಜೊತೆಗಾರರು 14 ತಳಿಗಳನ್ನ ಮೈಕ್ರೋವೇವಿನಲ್ಲಿ ಅರಳಿಸಿ ನೋಡಿದರು. ಉಳಿದ ಕಾಳು ಒಂದು ತಳಿಯಲ್ಲಿ ನೂರಕ್ಕೆ 4, ಇನ್ನೊಂದರಲ್ಲಿ ನೂರಕ್ಕೆ 47. ವ್ಯತ್ಯಾಸ ಇದ್ದದ್ದು ಸಿಪ್ಪೆಯಲ್ಲಿ. ಚೆನ್ನಾಗಿ ಅರಳುವ ತಳಿಗಳ ಸಿಪ್ಪೆಯ ಸೆಲ್ಯುಲೋಸ್ ಬಿಸಿಯಾದಾಗ ಒತ್ತೊತ್ತಾಗಿ ಹರಳುಗಟ್ಟುತ್ತೆ, ತೇವ ಹೊರಗೆ ಹೋಗೋಕೆ ದಾರಿ ಕೊಡಲ್ಲ. ಉಳಿದವು ಸೋರುತ್ತವೆ. ಅಂದ್ರೆ 'ಓಲ್ಡ್ ಮೇಡ್' ಅಂತ ಹಂಗಿಸಿಕೊಂಡ ಕಾಳಿನ ತಪ್ಪೇನೂ ಇಲ್ಲ, ಅದಕ್ಕೆ ಸಿಕ್ಕ ಸಿಪ್ಪೆ ಅಂಥದ್ದು.

ಹಾಗಾದರೆ ಸಲಕರಣೆ ಕೊಳ್ಳಬೇಕಾ? ವಾರಕ್ಕೆರಡು ಪೊಟ್ಟಣ ತಿನ್ನೋ ಮನೆಯಾದರೆ ಜಾಲರಿ ಬಟ್ಟಲು ತಗೊಳ್ಳಿ, ಹಲ್ಲಿನ ಡಾಕ್ಟರ ಫೀಸಿಗಿಂತ ಅಗ್ಗ. ಇಲ್ಲದಿದ್ದರೆ ಪೊಟ್ಟಣದ ಆವಿ ಹೋಗಲಿ ಅಂತ ಒಂದು ನಿಮಿಷ ಬಿಟ್ಟು, ಒಂದು ಮೂಲೆಯನ್ನ ಎರಡು ಬೆರಳಗಲ ಮಾತ್ರ ಬಿಡಿಸಿ, ತಲೆಕೆಳಗೆ ಹಿಡಿದು ಸಿಂಕಿನ ಮೇಲೆ ಅಲ್ಲಾಡಿಸಿ. ಕಾಳು ಭಾರ, ಅರಳು ಹಗುರ. ಕಾಳು ತಾನಾಗಿ ಬಾಯಿಗೆ ಬಂದು ಉದುರುತ್ತೆ. ಉದುರಿದ್ದನ್ನ ಗುಡ್ಡೆ ಮಾಡಿ ಇನ್ನೊಂದು ಸಲ ಮೈಕ್ರೋವೇವಿಗೆ ಇಡೋಣ ಅಂತ ಮನಸ್ಸಾಗುತ್ತೆ. ತಣ್ಣಗಿನ ಮೂಲೆಯಲ್ಲಿದ್ದ ನಾಲ್ಕಾರು ಅರಳಿಯಾವು. ಉಳಿದವುಗಳ ಆವಿ ಮೊದಲ ಸಲವೇ ಹೋಗಿರುತ್ತೆ, ಎಷ್ಟು ಹೊತ್ತು ಇಟ್ಟರೂ ಅವು ಕರಿಯಾಗ್ತವೆ ಅಷ್ಟೇ.